ಟೊಮೆಟೊ: ಪೇಟೆಯ ಕ್ರೇಟಿಗೆ ಮೊದಲು ಮನೆಯ ಬುಟ್ಟಿಗೆ



ಹಿಂದೂಪುರದ ಸುತ್ತಮುತ್ತಲಾಗಲಿ, ಕಲ್ಯಾಣದುರ್ಗದ ಕಡೆಯಾಗಲಿ, ಬೋರಿನಲ್ಲಿ ಎರಡು ಇಂಚು ನೀರು ಬಂದರೆ ಸಾಕು, ರೈತನ ಮನಸ್ಸಿಗೆ ಮೊದಲು ಬರುವ ಬೆಳೆ ಟೊಮೆಟೊ. 2022ರ ಏಪ್ರಿಲ್‌ನಿಂದ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿದಿದೆ. ಜಿಲ್ಲೆ ಎರಡಾದರೂ ನೆಲ ಒಂದೇ, ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯ ಕಷ್ಟವೂ ಒಂದೇ. ಕಡಲೆಕಾಯಿ ಕೈಕೊಟ್ಟ ವರ್ಷ ಟೊಮೆಟೊ ಕೈಹಿಡಿಯಬಹುದೆಂಬ ಆಸೆಯಿಂದ ಅನೇಕ ಕುಟುಂಬಗಳು ಈ ಬೆಳೆಗೆ ಬಂದಿವೆ.

ಆದರೆ ಮನೆ ಸಂದರ್ಶನಕ್ಕೆ ಹೋದಾಗಲೆಲ್ಲ ನಾವು ಒಂದು ವಿಚಿತ್ರವನ್ನು ಕಾಣುತ್ತೇವೆ. ಅಂಗಳದಲ್ಲಿ ಕ್ರೇಟಿನ ಮೇಲೆ ಕ್ರೇಟು ಪೇರಿಸಿರುತ್ತದೆ. ಒಳಗೆ ತಟ್ಟೆಯಲ್ಲಿ ಮಾತ್ರ ಮುದ್ದೆ ಮತ್ತು ನೀರಾದ ಸಾರು. ‘ಒಳ್ಳೆಯ ಹಣ್ಣು ಮಂಡಿಗೆ, ಒಡಕು ಹಣ್ಣು ಮನೆಗೆ’ ಎಂಬುದು ನಮ್ಮಲ್ಲಿ ಬರೆಯದ ಕಾನೂನಾಗಿಬಿಟ್ಟಿದೆ. ಬೆಲೆ ಏರಿದಾಗ ಒಂದು ಹಣ್ಣನ್ನೂ ಮನೆಗೆ ಇಟ್ಟುಕೊಳ್ಳಲು ಮನಸ್ಸಾಗದು. ಬೆಲೆ ಬಿದ್ದಾಗ ಅದನ್ನು ಕಂಡರೇ ಬೇಸರ, ರಸ್ತೆಗೆ ಸುರಿಯುತ್ತೇವೆ. ಹೀಗೆ ಎರಡು ಕಾಲದಲ್ಲಿಯೂ ಬೆಳೆದವನ ಮಕ್ಕಳ ಬಾಯಿಗೆ ಅದು ಸೇರುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಷ್ಟು ಸರಿಯಾಗಿ ಹೊಂದುವ ಬೆಳೆ ಇನ್ನೊಂದಿಲ್ಲ. ಇದು ಬದಲಾಗಬೇಕು ಎಂಬುದೇ ನಮ್ಮ ಈ ಲೇಖನದ ಅಭಿಪ್ರಾಯ. ಅದಕ್ಕೆ ಮೊದಲು ಈ ಹಣ್ಣು ಯಾರು, ಅದರ ನೆಂಟರಿಷ್ಟರು ಯಾರು ಎಂಬುದನ್ನು ತಿಳಿಯೋಣ.

ಎಲ್ಲಿಂದ ಬಂತು?

ಟೊಮೆಟೊ ನಮ್ಮ ನಾಡಿನ ಗಿಡವಲ್ಲ. ದಕ್ಷಿಣ ಅಮೆರಿಕದ ಪೆರು, ಈಕ್ವೆಡಾರ್ ದೇಶಗಳ ಬೆಟ್ಟದ ಸೀಮೆ ಇದರ ತವರು. ಮೆಕ್ಸಿಕೋದ ಜನ ಇದನ್ನು ಹೊಲದ ಬೆಳೆಯಾಗಿ ಪಳಗಿಸಿದರು. ಅವರ ಭಾಷೆಯ ‘ತೊಮಾತ್ಲ್’ ಎಂಬ ಶಬ್ದವೇ ಇಂದಿನ ಟೊಮೆಟೊ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಇದನ್ನು ಯೂರೋಪಿಗೆ ತಂದರು. 1544ರಲ್ಲಿ ಇಟಲಿಯ ವೈದ್ಯ ಮತ್ತಿಯೋಲಿ ಈ ಹಣ್ಣಿನ ಬಗ್ಗೆ ಬರೆದಿದ್ದಾನೆ. ಇಟಲಿಯವರು ಇಂದಿಗೂ ಇದನ್ನು ‘ಪೊಮೊದೋರೊ’, ಅಂದರೆ ಚಿನ್ನದ ಸೇಬು ಎಂದೇ ಕರೆಯುತ್ತಾರೆ.

ಆದರೂ ಯೂರೋಪಿನ ಅನೇಕ ಕಡೆ ಜನ ಬಹುಕಾಲ ಇದನ್ನು ತಿನ್ನಲು ಹೆದರಿದರು. ಅಂದಕ್ಕಾಗಿ ತೋಟದಲ್ಲಿ ನೆಟ್ಟರು, ಅಷ್ಟೆ. ಕಾರಣವೇನೆಂದರೆ, ಅದರ ಹೂವು ಮತ್ತು ಎಲೆಗಳು ಅಲ್ಲಿನ ಒಂದು ಭಯಂಕರ ವಿಷದ ಗಿಡವನ್ನು ಹೋಲುತ್ತಿದ್ದವು. ಗುರುಮಠದಲ್ಲಿ ಲ್ಯಾಟಿನ್ ಕಲಿತ ನಮಗೆ ಇದರ ಶಾಸ್ತ್ರೀಯ ಹೆಸರು ಸ್ವಾರಸ್ಯವಾಗಿ ಕಾಣುತ್ತದೆ. 1753ರಲ್ಲಿ ಲಿನೇಯಸ್ ಇದಕ್ಕೆ ‘ಸೊಲಾನಮ್ ಲೈಕೊಪರ್ಸಿಕಮ್’ ಎಂದು ಹೆಸರಿಟ್ಟ. ಲೈಕೊಪರ್ಸಿಕಮ್ ಎಂದರೆ ತೋಳನ ಪೀಚ್ ಹಣ್ಣು! ಹೆಸರಿನಲ್ಲಿಯೇ ಅಂಜಿಕೆ ಇದೆ. ಅನಂತರ 1768ರಲ್ಲಿ ಫಿಲಿಪ್ ಮಿಲ್ಲರ್ ಎಂಬ ತೋಟಗಾರ ಇದನ್ನು ‘ಲೈಕೊಪರ್ಸಿಕಾನ್ ಎಸ್ಕುಲೆಂಟಮ್’ ಎಂದು ಕರೆದ. ಎಸ್ಕುಲೆಂಟಮ್ ಎಂದರೆ ತಿನ್ನಲು ಯೋಗ್ಯವಾದದ್ದು. ಈಚೆಗೆ ವಿಜ್ಞಾನಿಗಳು ಸಂಬಂಧಗಳನ್ನು ಸರಿಯಾಗಿ ಪರೀಕ್ಷಿಸಿ ಮತ್ತೆ ಲಿನೇಯಸನ ಹೆಸರನ್ನೇ ಒಪ್ಪಿಕೊಂಡಿದ್ದಾರೆ.

ನಮ್ಮ ಹಿರಿಯರ ಅಡಿಗೆಯಲ್ಲಿ ಹುಳಿ ಎಂದರೆ ಹುಣಸೆ. ಹಿಂದೂಪುರದ ಮಾರುಕಟ್ಟೆಗೆ ಹೆಸರು ತಂದದ್ದು ಹುಣಸೆಹಣ್ಣು ಮತ್ತು ಒಣಮೆಣಸಿನಕಾಯಿ. ಟೊಮೆಟೊ ಅವುಗಳ ಪಕ್ಕದಲ್ಲಿ ತಡವಾಗಿ ಬಂದು ಕುಳಿತ ಅತಿಥಿ. ಇಂದು ಭಾರತವು ವರ್ಷಕ್ಕೆ ಸುಮಾರು 2 ಕೋಟಿ ಟನ್ ಟೊಮೆಟೊ ಬೆಳೆಯುತ್ತದೆ. ಜಗತ್ತಿನಲ್ಲಿ ಚೀನಾದ ನಂತರದ ಸ್ಥಾನ ನಮ್ಮದೇ.

ಇದರ ಕುಟುಂಬ ಯಾವುದು?

ಕರ್ನಾಟಕದ ಕೆಲವು ಕಡೆ ಟೊಮೆಟೊವನ್ನು ಚಪ್ಪರಬದನೆ ಎನ್ನುತ್ತಾರೆ. ಹೆಸರಿಟ್ಟ ಹಳ್ಳಿಯವನು ಸಸ್ಯಶಾಸ್ತ್ರ ಓದಿರಲಿಲ್ಲ. ಆದರೂ ಸರಿಯಾಗಿ ಗುರುತಿಸಿದ. ಟೊಮೆಟೊ ಬದನೆಯ ಕುಟುಂಬಕ್ಕೆ ಸೇರಿದ್ದು. ವಿಜ್ಞಾನಿಗಳು ಈ ಕುಟುಂಬವನ್ನು ‘ಸೊಲನೇಸಿ’ ಎಂದು ಕರೆಯುತ್ತಾರೆ. ಇದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳಿವೆ.

ಈ ಕುಟುಂಬದವರನ್ನು ಗುರುತಿಸುವುದು ಕಷ್ಟವಲ್ಲ. ಬದನೆ, ಮೆಣಸಿನಕಾಯಿ, ಟೊಮೆಟೊ ಮೂರರ ಹೂವನ್ನೂ ಒಮ್ಮೆ ಅಂಗೈಯಲ್ಲಿ ಇಟ್ಟು ನೋಡಿರಿ. ಎಸಳುಗಳು ಬುಡದಲ್ಲಿ ಒಂದಕ್ಕೊಂದು ಕೂಡಿಕೊಂಡು ಸಾಮಾನ್ಯವಾಗಿ ಐದು ಮೂಲೆಯ ನಕ್ಷತ್ರದಂತಿರುತ್ತವೆ. ನಡುವೆ ಕೇಸರಗಳು ಒತ್ತಾಗಿ ನಿಂತಿರುತ್ತವೆ. ಹೂ ಉದುರಿದರೂ ಅದರ ಹಸುರು ತೊಟ್ಟಿನ ಬಟ್ಟಲು ಉದುರುವುದಿಲ್ಲ. ಕಾಯಿಯ ತಲೆಯ ಮೇಲೆ ಟೊಪ್ಪಿಗೆಯಂತೆ ಉಳಿಯುತ್ತದೆ. ಕಾಯಿಯನ್ನು ಅಡ್ಡಲಾಗಿ ಕೊಯ್ದರೆ ಒಳಗೆ ಕೋಣೆಗಳು, ಕೋಣೆಗಳಲ್ಲಿ ಚಪ್ಪಟೆಯಾದ ಸಣ್ಣ ಬೀಜಗಳು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಇದನ್ನು ತೋರಿಸಿರಿ. ಪುಸ್ತಕದ ಪಾಠಕ್ಕಿಂತ ಬೇಗ ತಲೆಗೆ ಹತ್ತುತ್ತದೆ.

ಒಂದು ದೊಡ್ಡ ಮನೆತನದಲ್ಲಿ ಇರುವಂತೆ ಇಲ್ಲಿಯೂ ಸಾಧುಗಳಿದ್ದಾರೆ, ಕೇಡಿಗಳೂ ಇದ್ದಾರೆ. ಬದನೆ, ಆಲೂಗಡ್ಡೆ, ಮೆಣಸಿನಕಾಯಿ, ದೊಣ್ಣೆಮೆಣಸಿನಕಾಯಿ, ಸುಂಡೆಕಾಯಿ ಇವು ಅನ್ನ ಕೊಡುವ ನೆಂಟರು. ಅಶ್ವಗಂಧವೆಂಬ ಹಿರೇಮದ್ದಿನ ಗಿಡವು ಔಷಧದ ನೆಂಟ. ರಾತ್ರಿರಾಣಿ ಅಂಗಳಕ್ಕೆ ಪರಿಮಳ ತರುವ ನೆಂಟ. ಉಮ್ಮತ್ತಿ ವಿಷದ ನೆಂಟ. ಹೊಗೆಸೊಪ್ಪು ಮನೆ ಹಾಳುಮಾಡುವ ನೆಂಟ. ಇವರಲ್ಲಿ ಬದನೆ ನಮ್ಮ ಕಡೆಯ ಹಳೆಯ ಒಕ್ಕಲು; ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಹೊಗೆಸೊಪ್ಪು ನಾಲ್ಕೂ ಅಮೆರಿಕ ಖಂಡದಿಂದ ಕಡಲು ದಾಟಿ ಬಂದವು.

ಆಲೂಗಡ್ಡೆಗೂ ಟೊಮೆಟೊಗೂ ಇರುವ ನಂಟು ನಾವು ತಿಳಿದಿದ್ದಕ್ಕಿಂತ ಹತ್ತಿರದ್ದು. ಸುಮಾರು 90 ಲಕ್ಷ ವರ್ಷಗಳ ಹಿಂದೆ ಟೊಮೆಟೊದ ಪೂರ್ವಜ ಗಿಡವೊಂದು ಇನ್ನೊಂದು ಕಾಡುಗಿಡದೊಂದಿಗೆ ಕೂಡಿ ಆಲೂಗಡ್ಡೆಯ ವಂಶ ಹುಟ್ಟಿತೆಂದು 2025ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಗಡ್ಡೆ ಬಿಡದ ಎರಡು ಗಿಡಗಳ ಸಂಬಂಧದಿಂದ ಗಡ್ಡೆ ಬಿಡುವ ಮೂರನೆಯದು ಹುಟ್ಟಿದ್ದು ಸೃಷ್ಟಿಯ ಅದ್ಭುತವಲ್ಲದೆ ಮತ್ತೇನು?

ತಟ್ಟೆಯಲ್ಲಿ ಏನು ಕೊಡುತ್ತದೆ?

ಟೊಮೆಟೊದಲ್ಲಿ ನೂರಕ್ಕೆ ತೊಂಬತ್ತನಾಲ್ಕು ಪಾಲು ನೀರು. ಉಳಿದ ಆರು ಪಾಲಿನಲ್ಲಿಯೇ ಅದರ ಗುಣವೆಲ್ಲ ಅಡಗಿದೆ. ನೂರು ಗ್ರಾಂ ಹಣ್ಣಿನಲ್ಲಿ ಸುಮಾರು 15ರಿಂದ 25 ಮಿಲಿಗ್ರಾಂ ‘ಸಿ’ ಜೀವಸತ್ವ, ಸುಮಾರು 240 ಮಿಲಿಗ್ರಾಂ ಪೊಟ್ಯಾಸಿಯಂ, ಸ್ವಲ್ಪ ನಾರು, ಕಣ್ಣಿಗೆ ಬೇಕಾದ ‘ಎ’ ಜೀವಸತ್ವವಾಗಿ ಮಾರ್ಪಡುವ ಕ್ಯಾರೋಟಿನ್ ಇವೆ. ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಸಕ್ಕರೆ ಕಾಯಿಲೆಯವರೂ ಧೈರ್ಯವಾಗಿ ತಿನ್ನಬಹುದು.

ಇದರಲ್ಲಿ ನಮ್ಮ ಕಡೆಯ ಮನೆಗಳಿಗೆ ಬಹು ಮುಖ್ಯವಾದದ್ದು ‘ಸಿ’ ಜೀವಸತ್ವ. ಏಕೆಂದು ಹೇಳುತ್ತೇವೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಬಿಳಿಚಿದ ಕಣ್ಣು, ಮೆಟ್ಟಿಲು ಹತ್ತಿದರೆ ಏದುಸಿರು, ಹೆರಿಗೆಯಲ್ಲಿ ಅಪಾಯ ಇವೆಲ್ಲ ಅದರ ಗುರುತುಗಳು. ನಾವು ತಿನ್ನುವ ರಾಗಿಯಲ್ಲಿ, ಸೊಪ್ಪಿನಲ್ಲಿ, ಹುರುಳಿಯಲ್ಲಿ ಕಬ್ಬಿಣವಿದೆ. ಆದರೆ ಕಾಳು ಸೊಪ್ಪುಗಳ ಕಬ್ಬಿಣವು ಮಾಂಸದ ಕಬ್ಬಿಣದಂತೆ ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ಹೆಚ್ಚು ಪಾಲು ಹಾಗೆಯೇ ಹೊರಗೆ ಹೋಗುತ್ತದೆ. ಅದೇ ಊಟದಲ್ಲಿ ‘ಸಿ’ ಜೀವಸತ್ವವಿರುವ ಪದಾರ್ಥವಿದ್ದರೆ ಆ ಕಬ್ಬಿಣವನ್ನು ಕರುಳು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಅಂದರೆ ಮುದ್ದೆ ಮತ್ತು ಸೊಪ್ಪಿನ ಸಾರಿನ ಜೊತೆಗೆ ಹೆಚ್ಚಿದ ಒಂದು ಹಸಿ ಟೊಮೆಟೊ ಇಟ್ಟರೆ, ಹೊಸ ಖರ್ಚಿಲ್ಲದೆ ಹಳೆಯ ಊಟದ ಬಲ ಹೆಚ್ಚುತ್ತದೆ. ಊಟ ಮುಗಿದ ಕೂಡಲೇ ಟೀ ಕುಡಿದರೆ ಇದರ ವಿರುದ್ಧ ನಡೆಯುತ್ತದೆ. ಟೀಯಲ್ಲಿರುವ ಒಗರು ಕಬ್ಬಿಣವನ್ನು ತಡೆಯುತ್ತದೆ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆಯಾದರೂ ಬಿಡಿರಿ.

ವಯಸ್ಕರಿಗೆ ದಿನಕ್ಕೆ ಗಂಡಸರಾದರೆ 80, ಹೆಂಗಸರಾದರೆ 65 ಮಿಲಿಗ್ರಾಂ ‘ಸಿ’ ಜೀವಸತ್ವ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ತಿಳಿಸಿದೆ. ಎರಡು ದೊಡ್ಡ ಹಣ್ಣು ಅದರ ಅರ್ಧದಷ್ಟನ್ನು ಕೊಟ್ಟೀತು. ನಿಂಬೆ, ಸೀಬೆ, ನೆಲ್ಲಿಕಾಯಿಗಳಲ್ಲಿ ಇನ್ನೂ ಹೆಚ್ಚಿದೆ, ನಿಜ. ಆದರೆ ನಿಮ್ಮ ಹೊಲದಲ್ಲಿ ಇಂದು ಇರುವುದು ಟೊಮೆಟೊ.

ಇನ್ನೊಂದು ಗುಣ ಅದರ ಕೆಂಪು ಬಣ್ಣದಲ್ಲಿದೆ. ಆ ಬಣ್ಣಕ್ಕೆ ‘ಲೈಕೋಪೀನ್’ ಎಂದು ಹೆಸರು. ದೇಹದಲ್ಲಿ ಜೀವಕೋಶಗಳನ್ನು ಸವೆಸುವ ವಸ್ತುಗಳನ್ನು ಇದು ತಡೆಯುತ್ತದೆಂದು ಹೇಳುತ್ತಾರೆ. ‘ಸಿ’ ಜೀವಸತ್ವ ಬೇಯಿಸಿದರೆ ಕಡಿಮೆಯಾಗುತ್ತದೆ. ಲೈಕೋಪೀನ್ ಹಾಗಲ್ಲ, ಬೇಯಿಸಿ ಸ್ವಲ್ಪ ಎಣ್ಣೆ ಸೇರಿಸಿದರೆ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಆದ್ದರಿಂದ ಕಡಲೆಕಾಯಿ ಎಣ್ಣೆಯ ಒಗ್ಗರಣೆಯಲ್ಲಿ ಮಾಡಿದ ಟೊಮೆಟೊ ಗೊಜ್ಜು ನಮ್ಮ ತಾಯಂದಿರು ತಿಳಿಯದೆಯೇ ಕಂಡುಹಿಡಿದ ಒಳ್ಳೆಯ ಪಥ್ಯ. ಅನಂತಪುರದ ಸೀಮೆಯ ಎರಡು ಬೆಳೆಗಳು ಒಂದೇ ಬಾಣಲೆಯಲ್ಲಿ ಸೇರಿ ಒಂದರ ಗುಣವನ್ನು ಇನ್ನೊಂದು ಹೆಚ್ಚಿಸುತ್ತವೆ. ಸ್ವಲ್ಪ ಹಸಿಯಾಗಿ, ಸ್ವಲ್ಪ ಬೇಯಿಸಿ, ಹೀಗೆ ಎರಡು ಬಗೆಯಲ್ಲಿಯೂ ತಿನ್ನುವುದೇ ಸರಿ.

ಇಲ್ಲದ ಗುಣವನ್ನು ಹೊಗಳಬಾರದು

ಒಳ್ಳೆಯದನ್ನು ಹೇಳುವಾಗ ಸುಳ್ಳು ಸೇರಿಸಬಾರದು. ಟೊಮೆಟೊ ತಿಂದರೆ ಕ್ಯಾನ್ಸರ್ ಬರುವುದೇ ಇಲ್ಲ ಎಂದು ಮೊಬೈಲಿನಲ್ಲಿ ಕಳುಹಿಸುವವರಿದ್ದಾರೆ. ಹೆಚ್ಚು ಟೊಮೆಟೊ ತಿನ್ನುವ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆ ಕಾಣಿಸಿತೆಂದು 1995ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೇಳಿದ್ದು ನಿಜ. ಆದರೆ ಅಲ್ಲಿನ ಸರ್ಕಾರದ ಆಹಾರ ಮತ್ತು ಔಷಧ ಇಲಾಖೆ 2005ರಲ್ಲಿ ಎಲ್ಲವನ್ನೂ ಪರಿಶೀಲಿಸಿ ಇದಕ್ಕೆ ಸಾಕ್ಷ್ಯ ಬಹಳ ಕಡಿಮೆ ಎಂದಿತು. ಟೊಮೆಟೊ ಆಹಾರ, ಔಷಧವಲ್ಲ. ರಕ್ತಹೀನತೆ ಇರುವ ಗರ್ಭಿಣಿಯರು ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನು ಬಿಟ್ಟು ಟೊಮೆಟೊ ಒಂದನ್ನೇ ನಂಬಬಾರದು. ಮಾತ್ರೆಯೂ ಬೇಕು, ಊಟವೂ ಬೇಕು.

ಟೊಮೆಟೊ ಬೀಜದಿಂದ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕಲ್ಲಿಗೆ ಕಾರಣವಾಗುವ ಆಕ್ಸಲೇಟ್ ಎಂಬ ವಸ್ತು ಪಾಲಕ್ ಸೊಪ್ಪಿಗೆ ಹೋಲಿಸಿದರೆ ಟೊಮೆಟೊದಲ್ಲಿ ಬಹಳ ಕಡಿಮೆ. ಬಿಸಿಲಿನಲ್ಲಿ ದುಡಿದು ನೀರು ಸಾಕಷ್ಟು ಕುಡಿಯದಿರುವುದೇ ನಮ್ಮ ಕಡೆ ಅದಕ್ಕಿಂತ ದೊಡ್ಡ ಕಾರಣ. ಆದರೆ ಮೂತ್ರಪಿಂಡ ಕೆಟ್ಟು ಪೊಟ್ಯಾಸಿಯಂ ಕಡಿಮೆ ಮಾಡಲು ವೈದ್ಯರು ಹೇಳಿರುವವರು, ಎದೆಯುರಿ ಹುಳಿತೇಗು ಹೆಚ್ಚಾಗಿರುವವರು ಇದನ್ನು ಮಿತಿಯಲ್ಲಿ ತಿನ್ನಬೇಕು. ಎಲೆ ಕಾಂಡಗಳಲ್ಲಿ ಕುಟುಂಬದ ವಿಷದ ಅಂಶ ಸ್ವಲ್ಪ ಇದೆ. ಹಸಿರು ಕಾಯಿಯಲ್ಲಿಯೂ ಇದ್ದು, ಹಣ್ಣಾಗುತ್ತ ಅದು ಇಳಿದುಹೋಗುತ್ತದೆ. ಆದ್ದರಿಂದ ಕಿತ್ತ ಗಿಡಗಳನ್ನು ಮೇಕೆ ದನಗಳಿಗೆ ರಾಶಿ ಹಾಕಬೇಡಿರಿ. ಹಾಗೆಯೇ ಬೆಳಕು ಬಿದ್ದು ಹಸುರಾದ ಆಲೂಗಡ್ಡೆಯನ್ನು ಅಡಿಗೆಗೆ ಬಳಸಬೇಡಿರಿ.

ಒಂದೇ ಮನೆತನ, ಒಂದೇ ರೋಗ

ಕುಟುಂಬದ ವಿಷಯವನ್ನು ಇಷ್ಟು ಬೆಳೆಸಿದ್ದಕ್ಕೆ ಕಾರಣ ಹೊಲದಲ್ಲಿದೆ. ನೆಂಟರೆಲ್ಲ ಒಂದೇ ರೋಗವನ್ನು ಹಂಚಿಕೊಳ್ಳುತ್ತಾರೆ. ಟೊಮೆಟೊ ಕೆಟ್ಟಿತೆಂದು ಅದೇ ನೆಲದಲ್ಲಿ ಮುಂದಿನ ಬೆಳೆಗೆ ಮೆಣಸಿನಕಾಯಿ, ಅದರ ಮುಂದೆ ಬದನೆ ಇಡುವವರು ಬೆಳೆ ಬದಲಿಸಿದೆವೆಂದು ತಿಳಿಯುತ್ತಾರೆ. ನಿಜಕ್ಕೂ ಅವರು ಅಣ್ಣನನ್ನು ಎಬ್ಬಿಸಿ ಅದೇ ಹಾಸಿಗೆಯಲ್ಲಿ ತಮ್ಮನನ್ನು ಮಲಗಿಸಿದ್ದಾರೆ.

ಗಿಡ ಹಸುರಾಗಿದ್ದಂತೆಯೇ ಒಂದೆರಡು ದಿನದಲ್ಲಿ ಬಾಡಿ ಬೀಳುವ ಸೊರಗು ರೋಗವನ್ನು ನೀವೆಲ್ಲ ಕಂಡಿದ್ದೀರಿ. ಇದನ್ನು ತರುವ ಬ್ಯಾಕ್ಟೀರಿಯಕ್ಕೆ ಈ ಕುಟುಂಬದ ಹೆಸರನ್ನೇ ಸೇರಿಸಿ ‘ರಾಲ್‌ಸ್ಟೋನಿಯ ಸೊಲನೇಸಿಯಾರಮ್’ ಎನ್ನುತ್ತಾರೆ. ಬಾಡಿದ ಗಿಡದ ಕಾಂಡವನ್ನು ಬುಡದಲ್ಲಿ ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಇಳಿದರೆ ಅದು ಈ ರೋಗವೇ. ಆಗ ಯಾವ ಔಷಧಿ ಹೊಡೆದರೂ ದುಡ್ಡು ದಂಡ. ಆ ಗಿಡವನ್ನು ಕಿತ್ತು ಸುಡಬೇಕು. ಅಲ್ಲಿಂದ ಬೇರೆ ಸಾಲಿಗೆ ನೀರು ಹರಿಯದಂತೆ ನೋಡಬೇಕು. ಒಂದೆರಡು ವರ್ಷ ರಾಗಿ, ಜೋಳ, ಮೆಕ್ಕೆಜೋಳದಂಥ ಹುಲ್ಲಿನ ಕುಟುಂಬದ ಬೆಳೆಯನ್ನು ಹಾಕಿದರೆ ನೆಲ ಸುಧಾರಿಸಿಕೊಳ್ಳುತ್ತದೆ. ಬೇರಿನಲ್ಲಿ ಗಂಟು ಕಟ್ಟುವ ಸೂಕ್ಷ್ಮ ಹುಳುವಿನ ಕಾಟವೂ ಇದರಿಂದ ಇಳಿಯುತ್ತದೆ. ಮನೆಗೂ ರಾಗಿ ಸಿಗುತ್ತದೆ.

ಎಲೆ ಮುರುಟು ರೋಗವನ್ನು ಬಿಳಿನೊಣ ತರುತ್ತದೆ. ಸಸಿ ಮಡಿಯಲ್ಲಿರುವಾಗಲೇ ನೈಲಾನ್ ಪರದೆ ಕಟ್ಟಿದರೆ ಅರ್ಧ ಯುದ್ಧ ಗೆದ್ದಂತೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಎಂಬ ಹೈಬ್ರಿಡ್ ತಳಿಯು ಎಲೆ ಮುರುಟು, ಸೊರಗು, ಮುಂಚಿನ ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳುತ್ತದೆ. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜವನ್ನು ಮತ್ತೆ ಬಿತ್ತಬಾರದು. ಕಾಯಿಕೊರಕಕ್ಕೆ ಅದೇ ಸಂಸ್ಥೆ ಹೇಳಿದ ಉಪಾಯ ಚೆಂಡುಹೂ: 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ. ಟೊಮೆಟೊ ಸಸಿ 25 ದಿನದ್ದಾದರೆ ಚೆಂಡುಹೂವಿನ ಸಸಿ 40–45 ದಿನದ್ದಿರಬೇಕು. ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ, ಚಿಟ್ಟೆ ಹೂವಿನ ಕಡೆಗೆ ಹೋಗಿ ಮೊಟ್ಟೆಯಿಡುತ್ತದೆ. 2014ರಲ್ಲಿ ಮಹಾರಾಷ್ಟ್ರದಲ್ಲಿ ಮೊದಲು ಕಾಣಿಸಿಕೊಂಡು ದೇಶವೆಲ್ಲ ಹರಡಿದ ‘ಟೂಟಾ’ ಎಂಬ ಸುರಂಗದ ಹುಳುವೂ ಈ ಮನೆತನದ ಶತ್ರುವೇ. ಆಲೂಗಡ್ಡೆ, ಬದನೆಗಳನ್ನೂ ಅದು ಬಿಡುವುದಿಲ್ಲ.

ಬೀಡಿ ಸೇದುವವರಿಗೆ ಒಂದು ಮಾತು. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಜಗತ್ತಿನಲ್ಲಿ ಮೊಟ್ಟಮೊದಲು ಪತ್ತೆಯಾದ ವೈರಸ್. ಅದು ಒಣಗಿದ ಹೊಗೆಸೊಪ್ಪಿನಲ್ಲಿಯೂ ಬದುಕಿರಬಲ್ಲದು. ಬೀಡಿ ಹಿಡಿದ ಕೈಯಿಂದ ಸಸಿ ಮುಟ್ಟಿದರೆ ಟೊಮೆಟೊ ಗಿಡಕ್ಕೆ ದಾಟಬಲ್ಲದು. ಹೊಗೆಸೊಪ್ಪು ಮೊದಲು ಶ್ವಾಸಕೋಶವನ್ನು ಕೆಡಿಸುತ್ತದೆ, ಅದಕ್ಕೆ ಸಾಲದೆ ಹೊಲಕ್ಕೂ ರೋಗ ತರುತ್ತದೆ. ನರ್ಸರಿಗೆ ಕಾಲಿಡುವ ಮೊದಲು ಕೈಯನ್ನು ಸೋಪಿನಿಂದ ತೊಳೆಯಿರಿ. ಬಿಟ್ಟರೆ ಇನ್ನೂ ಒಳ್ಳೆಯದು.

ಈ ಮನೆತನದ ರೋಗ ಎಷ್ಟು ದೊಡ್ಡ ಅನಾಹುತ ಮಾಡಬಲ್ಲದು ಎಂಬುದಕ್ಕೆ ಐರ್ಲೆಂಡ್ ಸಾಕ್ಷಿ. 1845ರಲ್ಲಿ ಅಲ್ಲಿಯ ಆಲೂಗಡ್ಡೆಗೆ ಅಂಗಮಾರಿ ರೋಗ ಬಂತು. ಟೊಮೆಟೊಗೆ ಮೋಡ ಮುಸುಕಿದ ತಂಪು ದಿನಗಳಲ್ಲಿ ಬರುವ ಅಂಗಮಾರಿಯೂ ಅದೇ. ಬಡವರು ಒಂದೇ ಬೆಳೆಯನ್ನು ನಂಬಿದ್ದರು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಅದೇ ಕಾಲದಲ್ಲಿ ಅಲ್ಲಿನ ಬಂದರುಗಳಿಂದ ಧಾನ್ಯ ಹೊರದೇಶಕ್ಕೆ ಹೋಗುತ್ತಿತ್ತು. ಬೆಳೆದವನ ಮನೆಯ ಮಡಕೆ ಖಾಲಿಯಾಗಿರುವಾಗ ಬೆಳೆ ಮಾತ್ರ ಪೇಟೆಗೆ ಹೋಗುವುದು ಎಂಥ ವ್ಯವಸ್ಥೆ ಎಂಬುದನ್ನು ಅದು ನಮಗೆ ಕಲಿಸಬೇಕು.

ಔಷಧಿ ಹೊಡೆದ ಕೈ, ಕೀಳುವ ಕೈ

ನಮ್ಮ ಮನಸ್ಸಿಗೆ ಹೆಚ್ಚು ನೋವು ಕೊಡುವ ಸಂಗತಿ ಇದು. ಸಂಜೆ ಔಷಧಿ ಹೊಡೆದು ಮರುದಿನ ಬೆಳಿಗ್ಗೆ ಹಣ್ಣು ಕೀಳಿಸುವ ಅಭ್ಯಾಸ ಬೆಳೆದಿದೆ. ಕೀಳುವವರು ಹೆಂಗಸರು, ಅವರಲ್ಲಿ ಬಸುರಿಯರೂ ಇರುತ್ತಾರೆ, ಎಳೆ ಮಗುವಿಗೆ ಹಾಲುಣಿಸುವವರೂ ಇರುತ್ತಾರೆ. ಅದೇ ಕೈಯಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚುತ್ತಾರೆ. ಡಬ್ಬಿಯ ಮೇಲೆ ಬಣ್ಣದ ಗುರುತಿರುತ್ತದೆ: ಕೆಂಪು ಅತಿ ವಿಷ, ಆಮೇಲೆ ಹಳದಿ, ಅದಕ್ಕಿಂತ ಕಡಿಮೆ ನೀಲಿ, ಎಲ್ಲಕ್ಕಿಂತ ಕಡಿಮೆ ಹಸುರು. ಹೊಡೆದ ಮೇಲೆ ಎಷ್ಟು ದಿನ ಕಾಯಬೇಕೆಂಬುದೂ ಅದರ ಜೊತೆಗಿನ ಕಾಗದದಲ್ಲಿ ಬರೆದಿರುತ್ತದೆ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಓದಿಸಿಕೊಳ್ಳಿರಿ. ಮೊನೊಕ್ರೋಟೊಫಾಸ್ ಎಂಬ ವಿಷವನ್ನು ತರಕಾರಿಯ ಮೇಲೆ ಹೊಡೆಯುವುದನ್ನು ಸರ್ಕಾರ ಎಷ್ಟೋ ವರ್ಷಗಳ ಹಿಂದೆಯೇ ನಿಷೇಧಿಸಿದೆ. ಯಾರು ತಂದುಕೊಟ್ಟರೂ ಮುಟ್ಟಬೇಡಿರಿ. ನಮ್ಮ ಮಕ್ಕಳಿಗೆ ತಿನ್ನಿಸಲು ನಾವು ಹೆದರುವ ಹಣ್ಣನ್ನು ಬೆಂಗಳೂರಿನ ಮಕ್ಕಳಿಗೆ ಕಳುಹಿಸುವುದು ನ್ಯಾಯವಲ್ಲ. ಮನೆಯ ಬುಟ್ಟಿ ಮೊದಲು ತುಂಬಬೇಕೆಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ: ಮೊದಲ ಬುಟ್ಟಿ ಮನೆಗೆಂದು ನಿಶ್ಚಯಿಸಿದವನು ಔಷಧಿಯ ಡಬ್ಬಿಯನ್ನು ಎರಡು ಸಲ ಯೋಚಿಸಿ ಎತ್ತುತ್ತಾನೆ.

ಬೆಲೆಯ ಜೂಜು

2023ರ ಜುಲೈ ತಿಂಗಳನ್ನು ಯಾರೂ ಮರೆತಿಲ್ಲ. ಕೋಲಾರದಲ್ಲಿ 15 ಕಿಲೋದ ಬಾಕ್ಸ್ 2,000 ರೂಪಾಯಿ ದಾಟಿತು. ಅದನ್ನು ಕಂಡು ಸಾಲ ಮಾಡಿ ನಾಟಿ ಮಾಡಿದವರ ಹಣ್ಣು ಸೆಪ್ಟೆಂಬರಿನಲ್ಲಿ ಪೇಟೆಗೆ ಬರುವಷ್ಟರಲ್ಲಿ ರಾಯಲಸೀಮೆಯ ಮಂಡಿಗಳಲ್ಲಿ ಕಿಲೋಗೆ 10 ರೂಪಾಯಿಯೂ ಸಿಗಲಿಲ್ಲ. ನಾಟಿ ಮಾಡಿದ ಎರಡು ತಿಂಗಳಿಗೆ ಕೊಯ್ಲು ಬರುವ ಬೆಳೆಯ ಸ್ವಭಾವವೇ ಇದು: ಇಂದಿನ ಬೆಲೆ ನೋಡಿ ಎಲ್ಲರೂ ಒಟ್ಟಿಗೆ ನೆಟ್ಟರೆ ಎಲ್ಲರ ಹಣ್ಣೂ ಒಟ್ಟಿಗೆ ಕೆಂಪಾಗುತ್ತದೆ. ಒಂದು ಊರಿನ ಹತ್ತು ಮನೆಯವರು ಮಾತಾಡಿಕೊಂಡು ಹದಿನೈದು ದಿನಗಳ ಅಂತರದಲ್ಲಿ ಸ್ವಲ್ಪ ಸ್ವಲ್ಪ ನೆಟ್ಟರೆ ಒಬ್ಬರಾದರೂ ಉಳಿಯುತ್ತಾರೆ, ಎಲ್ಲರೂ ಮುಳುಗುವುದಿಲ್ಲ.

ಇದರ ಹೊರೆಯನ್ನೆಲ್ಲ ರೈತನ ಮೇಲೆಯೇ ಹಾಕುವುದೂ ತಪ್ಪು. ಕೇಂದ್ರ ಸರ್ಕಾರ 2018ರ ಬಜೆಟ್ಟಿನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಾಗಿ 500 ಕೋಟಿ ರೂಪಾಯಿಯ ‘ಆಪರೇಷನ್ ಗ್ರೀನ್ಸ್’ ಯೋಜನೆಯನ್ನು ಪ್ರಕಟಿಸಿತು. ಕೇರಳ ಸರ್ಕಾರ 2020ರ ನವೆಂಬರಿನಿಂದ 16 ಬೆಳೆಗಳಿಗೆ ಮೂಲಬೆಲೆ ಗೊತ್ತುಮಾಡಿತು; ಟೊಮೆಟೊಗೆ ಅಂದು ಇಟ್ಟದ್ದು ಕಿಲೋಗೆ 8 ರೂಪಾಯಿ. ಮೊತ್ತ ದೊಡ್ಡದಲ್ಲ, ಆದರೆ ಕೀಳುವ ಕೂಲಿ, ಲಾರಿ ಬಾಡಿಗೆಯ ಭಯವಿಲ್ಲದೆ ಕೊಯ್ಲು ಮಾಡಬಹುದೆಂಬ ಧೈರ್ಯ ಅದರಲ್ಲಿದೆ. ಅಂಥ ಒಂದು ನೆಲಗಟ್ಟನ್ನು ನಮ್ಮ ಜಿಲ್ಲೆಗಳ ರೈತರೂ ಒಗ್ಗಟ್ಟಾಗಿ ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದು ಇದೆ. ಬೆಲೆ ಬಿದ್ದ ವಾರ ರಸ್ತೆಗೆ ಸುರಿಯುವ ಬದಲು ಗಟ್ಟಿ ಹಣ್ಣುಗಳನ್ನು ಆರಿಸಿ ತೊಳೆದು, ಒರೆಸಿ, ಹೋಳುಮಾಡಿ, ಉಪ್ಪು ಬೆರೆಸಿ ಬಿಸಿಲಿಗೆ ಹಾಕಿರಿ. ನಮ್ಮ ಸೀಮೆಗೆ ದೇವರು ಮಳೆ ಕಡಿಮೆ ಕೊಟ್ಟರೂ ಬಿಸಿಲನ್ನು ಧಾರಾಳವಾಗಿ ಕೊಟ್ಟಿದ್ದಾನೆ. ಧೂಳು ನೊಣ ಬೀಳದಂತೆ ತೆಳುವಾದ ಬಟ್ಟೆ ಹೊದಿಸಿ, ರಾತ್ರಿ ಒಳಗೆ ತೆಗೆದು, ಚೆನ್ನಾಗಿ ಒಣಗಿಸಬೇಕು. ಹುಣಸೆಹಣ್ಣು, ಖಾರದಪುಡಿ, ಮೆಂತ್ಯ ಸೇರಿಸಿ ರುಬ್ಬಿ, ಕಾಯಿಸಿದ ಎಣ್ಣೆಯ ಒಗ್ಗರಣೆ ಕೊಟ್ಟು ಜಾಡಿಯಲ್ಲಿ ತುಂಬಿದರೆ ತಿಂಗಳುಗಟ್ಟಲೆ ಮುದ್ದೆಗೆ, ಅನ್ನಕ್ಕೆ, ರೊಟ್ಟಿಗೆ ನೆಂಚಿಕೊಳ್ಳಲು ಇರುತ್ತದೆ. ಹುಳಿ ಪದಾರ್ಥವಾದ್ದರಿಂದ ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆಯಲ್ಲಿ ಇಡಬಾರದು; ಪಿಂಗಾಣಿ ಅಥವಾ ಗಾಜಿನದೇ ಆಗಬೇಕು. ಸ್ವಸಹಾಯ ಸಂಘದ ಹೆಂಗಸರು ಕೂಡಿ ಮಾಡಿದರೆ ಹತ್ತಿರದ ಸಂತೆಯಲ್ಲಿ ಮಾರಲೂ ಆಗುತ್ತದೆ.

ಕೊನೆಯ ಮಾತು

ಬಂಧುಗಳೇ, ನಾವು ಕೇಳುವುದು ದೊಡ್ಡದೇನಲ್ಲ. ಪ್ರತಿ ಕೊಯ್ಲಿನಲ್ಲಿ ಮೊದಲ ಒಂದು ಬುಟ್ಟಿ, ಆರಿಸಿದ ಒಳ್ಳೆಯ ಹಣ್ಣು, ಅಡಿಗೆಮನೆಗೆ ಹೋಗಲಿ. ಕೀಳಲು ಬಂದ ಕೂಲಿ ಹೆಂಗಸಿನ ಮಡಿಲಿಗೂ ನಾಲ್ಕು ಹಣ್ಣು ಬೀಳಲಿ. ಐವತ್ತು ಕ್ರೇಟಿನಲ್ಲಿ ಒಂದು ಬುಟ್ಟಿ ಕಡಿಮೆಯಾದರೆ ಮಂಡಿಯ ಲೆಕ್ಕದಲ್ಲಿ ಅದು ಕಾಣಿಸುವುದೇ ಇಲ್ಲ. ಮಕ್ಕಳ ಮುಖದಲ್ಲಿ ಕಾಣಿಸುತ್ತದೆ. ಬೆಲೆ ನಮ್ಮ ಕೈಯಲ್ಲಿಲ್ಲ, ಮಳೆ ನಮ್ಮ ಕೈಯಲ್ಲಿಲ್ಲ. ಇಂದು ರಾತ್ರಿ ನಮ್ಮ ಮನೆಯ ತಟ್ಟೆಗೆ ಏನು ಬೀಳಬೇಕೆಂಬುದು ಇನ್ನೂ ನಮ್ಮ ಕೈಯಲ್ಲಿದೆ. ಅದನ್ನಾದರೂ ಬಿಟ್ಟುಕೊಡದಿರೋಣ.